ಹೊಳೆನರಸೀಪುರದ ಸೈಬರ್ ಸಿಂಹ

ಮೋಹನ್‌ಕುಮಾರ ಯಾವ ವಿಡಿಯೋವನ್ನೂ ಎರಡು ನಿಮಿಷಕ್ಕಿಂತ ಹೆಚ್ಚು ನೋಡುತ್ತಿರಲಿಲ್ಲ. ಬೈಯುವುದಕ್ಕೆ ಬೇಕಾದ ಸಾಮಗ್ರಿ ಅಷ್ಟರೊಳಗೆ ಸಿಕ್ಕಿಬಿಡುತ್ತಿತ್ತು. ಮಿಕ್ಕದ್ದನ್ನು ಕೂತು ನೋಡುವುದು ದಡ್ಡರ ಕೆಲಸ ಎಂದು ಅವನ ನಂಬಿಕೆ.

ಅವನ ಮನೆ ಹೊಳೆನರಸೀಪುರದಲ್ಲಿ ನಮ್ಮ ಮನೆಯ ಎದುರಿಗೇ ಇದೆ. ಕೆಲಸ ಚನ್ನರಾಯಪಟ್ಟಣದ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ, ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ. ಉಸ್ತುವಾರಿ ಎಂದರೆ ಬೆಳಿಗ್ಗೆ ಬೀಗ ತೆಗೆಯುವುದು, ಸಂಜೆ ಬೀಗ ಹಾಕುವುದು, ನಡುವೆ ಪ್ರಿಂಟರಿನ ಬಾಯಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದು. ಪಾಠ ಹೇಳುವವರು ಬೇರೆ. ಊರಿನ ಗದ್ದೆ, ತೆಂಗಿನ ತೋಟ ಅಣ್ಣನ ಉಸ್ತುವಾರಿಯಲ್ಲಿದ್ದವು. ಇವನ ಪಾಲಿನದು ತಾನಾಗಿ ಮನೆಗೆ ಬರುತ್ತಿತ್ತು. ಹೀಗೆ ಹೊಟ್ಟೆಯ ಚಿಂತೆಯೂ ಇಲ್ಲದ, ಮೈಮುರಿಯುವ ಕೆಲಸವೂ ಇಲ್ಲದ ಮನುಷ್ಯನ ಕೈಗೆ ಫೋನು ಸಿಕ್ಕರೆ ಏನಾಗುತ್ತದೆ ಎಂಬುದನ್ನು ನಾನು ಎದುರು ಮನೆಯಿಂದ ಕಣ್ಣಾರೆ ನೋಡಿದ್ದೇನೆ.

ಯೂಟ್ಯೂಬಿನಲ್ಲಿ ಅವನ ಹೆಸರು ‘ಸೈಬರ್ ಸಿಂಹ ಎಂ.ಕೆ.’ ಹೆಸರಿನ ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡ ಒಂದು ಸಿಂಹದ ಚಿತ್ರ. ಕನ್ನಡದಲ್ಲಿ ಯಾರು ಫೋನು, ವೈಫೈ, ಪಾಸ್‌ವರ್ಡು ಎಂದು ಬಾಯಿ ಬಿಟ್ಟರೂ ಅದರ ಕೆಳಗೆ ಈ ಸಿಂಹ ಬಂದು ಕೂರುತ್ತಿತ್ತು. ಯಾರೋ ಪಾಪದವನು ಆಂಟಿವೈರಸ್ ಹಾಕಿಕೊಳ್ಳಿ ಎಂದರೆ, ‘ಬಾಗಿಲು ತೆಗೆದಿಟ್ಟು ತಾಯತ ಕಟ್ಟಿಕೊಳ್ಳುವ ಬುದ್ಧಿ ಇದು. ಮೊದಲು ಫೈರ್‌ವಾಲ್ ಅಂದರೇನು ಕಲಿತು ಬಾ’ ಎಂದು ಬರೆಯುತ್ತಿದ್ದ. ವೈಫೈ ಹೆಸರು ಮರೆಮಾಡಿದರೆ ಕ್ಷೇಮ ಎಂದವನಿಗೆ, ‘ಮುಖಕ್ಕೆ ಟವೆಲ್ ಹಾಕಿಕೊಂಡರೆ ಮೈ ಕಾಣಲ್ವಾ? ಮಂಕೇ.’ ವಿಪಿಎನ್ ಬಗ್ಗೆ ಮಾತಾಡಿದವರೆಲ್ಲ ಜಾಹೀರಾತಿನ ಎಂಜಲು ತಿಂದವರು. ವಿಂಡೋಸ್ ಬಳಸುವವರು ಕುರಿಗಳು. ಈ ಕುರಿಗಳ ವಿಷಯವನ್ನು ಅವನು ಬರೆದದ್ದು ಪಾಲಿಟೆಕ್ನಿಕ್ಕಿನ ವಿಂಡೋಸ್ ಕಂಪ್ಯೂಟರಿನ ಮುಂದೆ ಕೂತು. ಆ ಕಂಪ್ಯೂಟರಿನ ಪಾಸ್‌ವರ್ಡನ್ನು ಲ್ಯಾಬಿನ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದ. ‘ಹುಡುಗ್ರು ಬಂದ್ ಬಂದ್ ಕೇಳ್ತವೆ ಕಣಣ್ಣ, ಯಾರ್ ಹೇಳ್ತಾ ಕೂತ್ಕತರೆ’ ಎಂದು ನನ್ನ ಹತ್ತಿರ ಅವನೇ ಹೇಳಿದ್ದ.

ಅವನು ಬರೆದದ್ದರಲ್ಲಿ ಕೆಲವು ಮಾತು ನಿಜವೇ ಇರುತ್ತಿದ್ದವು. ಅವನನ್ನು ಕೆಡಿಸಿದ್ದೂ ಅದೇ. ಹತ್ತರಲ್ಲಿ ಮೂರು ಮಾತು ಸರಿಯಾಗಿಬಿಟ್ಟರೆ ಉಳಿದ ಏಳಕ್ಕೂ ಹೊಣೆ ಹೊರಬೇಕಾಗಿಲ್ಲ ಎಂದುಕೊಳ್ಳುವ ಜನ ಇದ್ದಾರೆ.

ನನ್ನದು ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಜೆರಾಕ್ಸ್ ಅಂಗಡಿ. ಸಂಜೆ ಬಸ್ಸಿಳಿದವನು ನೇರ ಅಂಗಡಿಗೆ ಬಂದು, ಆ ದಿನ ಯಾರ ಬಾಯಿ ಮುಚ್ಚಿಸಿದೆ ಎಂದು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಅವನ ಹೆಂಡತಿ ಯಮುನಾ ಮನೆಯಲ್ಲಿ ಕೇಳುವುದನ್ನು ಎಂದೋ ಬಿಟ್ಟಿದ್ದಳು. ಅದಕ್ಕೇ ಆ ಸೇವೆ ನನ್ನ ಪಾಲಿಗೆ ಬಂದಿತ್ತು.

ಈ ಸಿಂಹಕ್ಕೆ ಎಲ್ಲರಿಗಿಂತ ಹೆಚ್ಚು ಕೋಪ ಇದ್ದದ್ದು ಅರಕಲಗೂಡಿನ ಪ್ರತಿಭಾ ಎಂಬ ಹೆಂಗಸಿನ ಮೇಲೆ. ಅವಳದು ಅಲ್ಲಿ ಕಂಪ್ಯೂಟರ್ ಕಲಿಸುವ ಒಂದು ಸಣ್ಣ ಕೇಂದ್ರ. ‘ಫೋನ್ ಜೋಪಾನ’ ಎಂಬ ಹೆಸರಿನಲ್ಲಿ ಯೂಟ್ಯೂಬಿನಲ್ಲಿ ವಿಡಿಯೋ ಹಾಕುತ್ತಿದ್ದಳು. ಓಟಿಪಿ ಯಾರಿಗೂ ಯಾಕೆ ಹೇಳಬಾರದು, ಬ್ಯಾಂಕಿನವರು ಅಂತ ಫೋನ್ ಬಂದರೆ ಏನು ಮಾಡಬೇಕು, ವಾಟ್ಸಪ್ಪಿಗೆ ಪಿನ್ ಇಡುವುದು ಹೇಗೆ, ಇಂಥವು. ನಮ್ಮ ಕಡೆಯ ಮಾತಿನಲ್ಲೇ, ಅತ್ತೆಗೆ ಸೊಸೆ ಹೇಳಿಕೊಟ್ಟ ಹಾಗೆ ನಿಧಾನವಾಗಿ ಹೇಳುತ್ತಿದ್ದಳು. ನೋಡುವವರು ಬಹುಪಾಲು ಹೆಂಗಸರು, ವಯಸ್ಸಾದವರು. ಯಮುನಾ ಕೂಡ ಒಂದನ್ನೂ ಬಿಡದೆ ನೋಡುತ್ತಿದ್ದಳು.

‘ನಮ್ಮ ಜಿಲ್ಲೆ ಮರ್ಯಾದೆ ತೆಗೀತಾವ್ಳೆ ಕಣಣ್ಣ. ನೆಟ್‌ವರ್ಕಿಂಗ್ ಅಂದ್ರೆ ಒತ್ತು ಶ್ಯಾವಿಗೆ ಮಾಡೋದು ಅಂದ್ಕಂಡವ್ಳೆ’ ಎನ್ನುತ್ತಿದ್ದ ಮೋಹನ್‌ಕುಮಾರ. ಅವಳು ವಿಡಿಯೋ ಹಾಕಿದ ಗಳಿಗೆಯಲ್ಲೇ ಅವನ ಫೋನು ಟಿಣ್ ಎನ್ನುವಂತೆ ಮಾಡಿಕೊಂಡಿದ್ದ. ಬಸ್ಸಿನಲ್ಲಿ ನಿಂತಿದ್ದರೂ ಸರಿ, ಒಂದು ಕೈಲಿ ಕಂಬಿ ಹಿಡಿದು ಇನ್ನೊಂದು ಕೈಲಿ ಬೈಗುಳ ಬರೆಯುತ್ತಿದ್ದ.

ಮೊದಮೊದಲು ಅವಳ ವೀಕ್ಷಕರು ಇವನಿಗೆ ಉತ್ತರ ಕೊಡುತ್ತಿದ್ದರು, ಜಗಳ ಆಡುತ್ತಿದ್ದರು. ಆಮೇಲೆ ಒಂದು ಯುಗಾದಿಯ ಆಸುಪಾಸಿನಲ್ಲಿ ಎಲ್ಲ ನಿಂತುಹೋಯಿತು. ಇವನು ಏನು ಬರೆದರೂ ಒಂದು ಉತ್ತರ ಇಲ್ಲ, ಒಂದು ಲೈಕ್ ಇಲ್ಲ.

‘ನೋಡ್ದಾ ಅಣ್ಣ?’ ಎಂದು ಅವತ್ತು ಅಂಗಡಿಯ ಕಟ್ಟೆಯ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತ. ‘ಒಬ್ರೂ ಕೆಮ್ಮಂಗಿಲ್ಲ. ಎದುರಾಡಕ್ಕೆ ವಿಷ್ಯ ಬೇಕಲ್ಲ.’

‘ಲೈಕೂ ಬರ್ತಿಲ್ವಲ್ಲೋ’ ಎಂದೆ.

‘ಸತ್ಯಕ್ಕೆ ಲೈಕ್ ಬೀಳಲ್ಲ.’

ಹೀಗೆ ಎರಡು ವರ್ಷ ಆ ಮೌನವನ್ನು ಗೆಲುವು ಎಂದುಕೊಂಡು ಅವನು ಬರೆದ. ಬರೆದೂ ಬರೆದೂ ಬೈಗುಳ ಉದ್ದವಾದವು. ಒಂದೊಂದು ಪರೀಕ್ಷೆಯ ಉತ್ತರದಷ್ಟಿರುತ್ತಿತ್ತು.

ಹೋದ ವರ್ಷ ಯಮುನಾಳ ಸೋದರಮಾವನ ಮಗಳ ಮದುವೆಯಾಯಿತು. ಬೀಗರೂಟ ಚನ್ನರಾಯಪಟ್ಟಣದಲ್ಲಿ. ಎರಡು ಮನೆಯವರಿಗೂ ಬೇಕಾದವನೆಂದು ನನ್ನನ್ನೂ ಕರೆದಿದ್ದರು. ಮುದ್ದೆ, ಮಟನ್ ಸಾರು ಮುಗಿಸಿ ಗಂಡಸರೆಲ್ಲ ಶಾಮಿಯಾನದ ನೆರಳಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದೆವು. ಯಾರೋ ಒಬ್ಬರು ತಮಗೆ ಬಂದ ಮೋಸದ ಫೋನಿನ ವಿಷಯ ತೆಗೆದರು. ಇನ್ನೊಬ್ಬರು, ‘ಅರಕಲಗೂಡಿನ ಆ ಹುಡುಗಿ ಚೆನ್ನಾಗಿ ಏಳ್ಕೊಡ್ತಾಳೆ ಕಣ್ರಪ್ಪ’ ಎಂದರು. ಮೋಹನ್‌ಕುಮಾರ ಬಾಯಲ್ಲಿದ್ದ ಎಲೆಯನ್ನು ಕೆನ್ನೆಗೆ ತಳ್ಳಿ ನೇರವಾಗಿ ಕೂತ.

‘ಯಾರು, ಆ ಪ್ರತಿಭಾನಾ? ಅವಳ ಕಥೆ ನನ್ನತ್ರ ಕೇಳಿ. ಎರಡು ವರ್ಷದಿಂದ ಅವಳ್ ಮಾಡೋ ತಪ್ಪೆಲ್ಲ ಸಾಲು ಸಾಲಾಗಿ ಬರ್ದಿವ್ನಿ. ಒಂದಕ್ಕಾದ್ರೂ ಉತ್ರ ಕೊಟ್ಟಿದ್ರೆ ಕೇಳಿ. ತೆಗೀರಿ, ತೆಗೀರಿ ಫೋನು. ನಿನ್ನೆ ವಿಡಿಯೋ ಕೆಳಗೇ ಅಯ್ತೆ, ಸೈಬರ್ ಸಿಂಹ ಎಂ.ಕೆ.’

ಏಳೆಂಟು ಜನ ಫೋನ್ ತೆಗೆದರು. ಮೇಲೆ ಕೆಳಗೆ ಎಳೆದರು. ಯಾರಿಗೂ ಸಿಂಹ ಕಾಣಲಿಲ್ಲ.

‘ಇಲ್ವಲ್ಲಪ್ಪ.’

‘ಕೆಳಕ್ ಓಗಿ.’

‘ಕೊನೇಗಂಟ ಬಂದೆ. ಇಲ್ಲ.’

‘ಇದೇನ್ ಇಲ್ಲಿ?’ ಎಂದು ತನ್ನ ಫೋನನ್ನು ಅವರ ಮುಖಕ್ಕೆ ಹಿಡಿದ. ಅವನ ಫೋನಿನಲ್ಲಿ ಕಾಮೆಂಟು ಇತ್ತು, ಕಪ್ಪು ಕನ್ನಡಕದ ಸಮೇತ. ಪಕ್ಕದವರ ಫೋನಿನಲ್ಲಿ ಅದೇ ವಿಡಿಯೋ, ಅದೇ ಜಾಗ, ಸಿಂಹ ಮಾತ್ರ ಇಲ್ಲ. ಅವರ ಫೋನು ಹಳೆಯದು ಎಂದ. ಇನ್ನೊಬ್ಬರಿಗೆ ಆಪಿನ ಕ್ಯಾಷ್ ಕ್ಲಿಯರ್ ಮಾಡಿ ಎಂದ. ಮೂರನೆಯವರಿಗೆ ಆಪ್ ಅಪ್‌ಡೇಟ್ ಮಾಡದ ಜನ ದೇಶಕ್ಕೇ ಅಪಾಯ ಎಂದು ಬೈದ. ಅವರು ಬೀಗರ ಕಡೆಯ ಹಿರಿಯರು.

ಮದುಮಗನ ತಮ್ಮ ಗೌತಮ್ ಎಂಬ ಹುಡುಗ ಎರಡೂ ಫೋನು ನೋಡಿ ಮೆಲ್ಲಗೆ ಹೇಳಿದ. ‘ಅಂಕಲ್, ಅವ್ರು ನಿಮ್ಮನ್ನ ಹೈಡ್ ಮಾಡಿರ್ಬೇಕು. ಹಂಗ್ ಮಾಡಿದ್ರೆ ನೀವ್ ಬರ್ದಿದ್ದು ನಿಮಗ್ ಮಾತ್ರ ಕಾಣುತ್ತೆ.’

‘ಅದು ನಂಗ್ ಗೊತ್ತಿಲ್ವೇನಪ್ಪ? ಹಂಗೇನಾರ ಮಾಡಿದ್ರೆ ನಂಗೆ ತಿಳಿಸ್ತಾರೆ.’

‘ತಿಳಿಸಲ್ಲ ಅಂಕಲ್.’

ಒಬ್ಬರು ಕಿಸಕ್ಕೆಂದರು. ಇನ್ನೊಬ್ಬರು, ‘ಅಂದ್ರೆ ಇಷ್ಟ್ ದಿನ ಇವ್ರು ಬರ್ದು ಇವ್ರೇ ಓದ್ಕತಿದ್ರಾ?’ ಎಂದು ಕೇಳಿದರು. ತಿಳಿದುಕೊಳ್ಳೋಣವೆಂದೇ ಕೇಳಿದ್ದರು, ವ್ಯಂಗ್ಯವೇನೂ ಇರಲಿಲ್ಲ. ಆದರೆ ಅಲ್ಲಿದ್ದವರೆಲ್ಲ ನಕ್ಕರು. ಮೋಹನ್‌ಕುಮಾರ ಬಾಳೆಹಣ್ಣನ್ನೂ ತೆಗೆದುಕೊಳ್ಳದೆ ಎದ್ದು ಹೋದ.

ಯಾರಾದರೂ ಆಗಿದ್ದರೆ ಅಲ್ಲಿಗೆ ಅರ್ಥ ಮಾಡಿಕೊಳ್ಳುತ್ತಿದ್ದರು. ಇವನು ಮಾರನೆಯ ದಿನ ನಮ್ಮ ಬೀದಿಗೆ ಇಂಟರ್‌ನೆಟ್ ಕೊಡುವ ದಿಲೀಪನನ್ನು ಮನೆಗೆ ಕರೆಸಿದ. ಲೈನಿನಲ್ಲಿ ತನ್ನ ಕಾಮೆಂಟುಗಳು ತಡೆದು ನಿಲ್ಲುತ್ತಿವೆ, ಫಿಲ್ಟರ್ ಹಾಕಿದ್ದೀಯ ಎಂದು ಜಬರಿಸಿದ. ನಾನು ನಮ್ಮ ಜಗಲಿಯಿಂದಲೇ ಕೇಳುತ್ತಿದ್ದೆ.

‘ಸಾ, ನಮ್ ಲೈನ್‌ಗೂ ನಿಮ್ ಕಾಮೆಂಟ್‌ಗೂ ಏನ್ ಸಾ ಸಂಬಂಧ? ನೀರ್ ಬಿಡೋನ್ನ ಇಡ್ಕಂಡು ಸಾರಲ್ಲಿ ಉಪ್ಪಿಲ್ಲ ಅಂತೀರಲ್ಲ.’

‘ನೀನು ಕೇಬಲ್ ಎಳೆಯೋನು. ಡೇಟಾ ಪ್ಯಾಕೆಟ್ ಅಂದ್ರೇನು ಗೊತ್ತೇನೋ ನಿಂಗೆ?’

‘ಹಾಲಿನ ಪ್ಯಾಕೆಟ್ ಗೊತ್ತು ಸಾ’ ಎಂದು ದಿಲೀಪ ಏಣಿ ಎತ್ತಿಕೊಂಡು ನಡೆದ.

ಇವನು ರೂಟರನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡಿದ. ಫೋನಿನಲ್ಲಿದ್ದದ್ದೆಲ್ಲ ಅಳಿಸಿ ಹೊಸದಾಗಿ ಹಾಕಿದ. ಯಮುನಾಳ ತವರಿನ ಫೋಟೋಗಳು ಆ ಗದ್ದಲದಲ್ಲಿ ಹೋದವು. ಕೊನೆಗೆ ಒಂದು ಶನಿವಾರ ನನ್ನ ಹತ್ತಿರ ಬಂದು, ‘ಅಣ್ಣ, ಅರಕಲಗೂಡಿಗೆ ಓಗ್ಬರಣ ಬಾ. ಮುಖಾಮುಖಿ ಕೇಳ್ತೀನಿ. ಸಾಕ್ಷಿಗೆ ಒಬ್ರು ಬೇಕು’ ಎಂದ. ನನಗೆ ಅಲ್ಲಿ ಪೇಪರಿನ ಹೋಲ್‌ಸೇಲ್ ಅಂಗಡಿಯಲ್ಲಿ ಕೆಲಸವೂ ಇತ್ತು, ತಮಾಷೆ ನೋಡುವ ಆಸೆಯೂ ಇತ್ತು. ಹೊರಟೆ.

ಪ್ರತಿಭಾಳ ಕೇಂದ್ರ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಮೂವತ್ತರ ಆಸುಪಾಸಿನ ಹೆಂಗಸು, ಕಾಟನ್ ಚೂಡಿದಾರ, ಕಿವಿಯ ಹಿಂದೆ ಪೆನ್ನು. ಯಾರೋ ರೈತರ ಅರ್ಜಿ ತುಂಬಿಕೊಡುತ್ತಿದ್ದವಳು ನಮ್ಮನ್ನು ನೋಡಿ, ‘ಕೂತ್ಕೊಳ್ಳಿ ಸಾ, ಐದ್ನಿಮ್ಷ’ ಎಂದಳು. ಅವರನ್ನು ಕಳಿಸಿ ನಮ್ಮ ಕಡೆ ತಿರುಗಿದಳು.

ಮೋಹನ್‌ಕುಮಾರ ಕೂರಲಿಲ್ಲ. ಗಂಟಲು ಸರಿಮಾಡಿಕೊಂಡು, ‘ನಾನು ಸೈಬರ್ ಸಿಂಹ ಎಂ.ಕೆ.’ ಎಂದ. ಹೇಳಿ, ಸಿಡಿಲು ಬಡಿಯಲಿ ಎಂದು ಕಾಯುತ್ತ ನಿಂತ.

‘ಯಾವ ಸಿಂಹ ಸಾ?’ ಎಂದಳು ಅವಳು.

ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ಇವನು ಫೋನ್ ತೆಗೆದು ತೋರಿಸಿದ. ಅವಳು ಕಂಪ್ಯೂಟರಿನಲ್ಲಿ ಏನೋ ಹುಡುಕಿ, ‘ಓ, ಇದ್ದೀರ ಸಾ’ ಎಂದಳು. ಇಷ್ಟು ಹೊತ್ತಿಗೆ ಅವಳ ಮುಖದಲ್ಲಿದ್ದ ಉಪಚಾರ ಹೋಗಿತ್ತು. ‘ನಿಮ್ಮನ್ನ ಎರಡು ವರ್ಷದ ಹಿಂದೇನೇ ಹೈಡ್ ಮಾಡಿದ್ದೀನಿ. ಇನ್ನೂ ಬರೀತಾ ಇದ್ದೀರಾ?’

‘ಯಾರನ್ನ ಕೇಳಿ ಮಾಡಿದ್ರಿ? ಇದು ವಾಕ್ ಸ್ವಾತಂತ್ರ್ಯದ ಪ್ರಶ್ನೆ.’

‘ಮಾತಾಡ್ಬೇಡಿ ಅಂತ ನಾನೇನು ಹೇಳ್ಲಿಲ್ವಲ್ಲ ಸಾ. ನೀವು ಮಾತಾಡ್ತಾನೇ ಇದ್ದೀರಿ.’

‘ನಾನು ಬರ್ದಿದ್ರಲ್ಲಿ ಟೆಕ್ನಿಕಲ್ ತಪ್ಪಿದ್ರೆ ತೋರ್ಸಿ ಮೇಡಂ. ರೂಟರ್ ವಿಡಿಯೋದಲ್ಲಿ ನೀವೇನ್ ಹೇಳಿದ್ರಿ? ವೈಫೈ ಪಾಸ್‌ವರ್ಡ್ ಬದಲಾಯಿಸಿದ್ರೆ ಆಯ್ತು ಅಂದ್ರಿ. ರೂಟರ್ ಒಳಗಿನ ಪಾಸ್‌ವರ್ಡ್ ಕಂಪನಿಯೋನು ಕೊಟ್ಟಿದ್ದೇ ಇದ್ರೆ ಏನ್ ಬಂತು?’

‘ನಿಜ ಸಾ. ಅದು ನನ್ದೇ ತಪ್ಪು. ಮುಂದಿನ ವಿಡಿಯೋದಲ್ಲಿ ತಿದ್ದಿದ್ದೆ. ಕೊನೇಲಿ ನಿಮ್ಮ ಹೆಸ್ರು ಹೇಳಿ ಥ್ಯಾಂಕ್ಸ್ ಕೂಡ ಹೇಳಿದ್ದೆ. ನೋಡ್ಲಿಲ್ವಾ?’

ಎಲ್ಲಿ ನೋಡಿರುತ್ತಾನೆ! ಆ ವಿಡಿಯೋದ ಕೆಳಗೂ ಎರಡನೆಯ ನಿಮಿಷಕ್ಕೇ ಬೈದು ಎದ್ದು ಹೋಗಿದ್ದ.

‘ನನ್ನನ್ನ ಬೈದಿದ್ದಕ್ಕೆ ನಿಮ್ಮನ್ನ ತೆಗೀಲಿಲ್ಲ ಸಾ’ ಎಂದು ಅವಳು ಮುಂದುವರಿಸಿದಳು. ‘ಬೈಸ್ಕೊಂಡು ಅಭ್ಯಾಸ ಆಗಿದೆ. ಒಬ್ಬ ಅಜ್ಜಿ ಒಂದು ಪ್ರಶ್ನೆ ಕೇಳಿದ್ರು. ಮದುವೆ ಕಾಗದ ಅಂತ ವಾಟ್ಸಪ್ಪಿಗೆ ಒಂದು ಫೈಲ್ ಬಂದಿದೆ, ತೆಗೀಬಹುದಾ ಅಂತ. ನಾನು ಇಲ್ಲಿ ಕೆಲಸದಲ್ಲಿದ್ದೆ, ನೋಡಿರ್ಲಿಲ್ಲ. ನೀವು ನೋಡಿದ್ರಿ. ನೋಡಿ ಏನ್ ಬರೆದ್ರಿ ಗೊತ್ತಾ?’

ಅದು ಅವಳ ಮೇಲ್‌ಗೂ ಬಂದಿತ್ತು, ಆಗಲೇ ಫೋಟೋ ಹಿಡಿದಿಟ್ಟಿದ್ದಳು. ಓದಿದಳು. ‘ಕಾಗದ ಯಾವುದು ಫೈಲ್ ಯಾವುದು ಗೊತ್ತಿಲ್ಲದ ಹೆಬ್ಬೆಟ್ಟುಗಳಿಗೆ ಸ್ಮಾರ್ಟ್ ಫೋನ್ ಯಾಕೆ? ಮಾರಿ ಎರಡು ಕುರಿ ತಗೋ. ನಿನ್ನಂಥವರಿಂದಲೇ ಹ್ಯಾಕರುಗಳ ಹೊಟ್ಟೆ ತುಂಬುತ್ತಿರುವುದು.’



‘ತೆಗೀಬೇಡಿ. ಅಷ್ಟೇ ಸಾ ಬೇಕಾಗಿದ್ದ ಉತ್ತರ. ಅದು ನಿಮಗೆ ಗೊತ್ತಿತ್ತು. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರೆದ್ರಿ. ಆಯಮ್ಮ ನಾಚಿಕೆಯಾಗಿ ಪ್ರಶ್ನೆನೇ ಅಳಿಸ್ಬಿಟ್ರು. ಆಮೇಲೆ ಯಾರನ್ನೂ ಕೇಳ್ದೆ ಫೈಲ್ ಒತ್ತಿದ್ರು. ವಾಟ್ಸಪ್ ಕಳ್ಳರ ಕೈಗೆ ಹೋಯ್ತು. ಅದೇ ಫೈಲು ಅವ್ರ ಹೆಸ್ರಲ್ಲಿ ಹಾಲಿನ ಡೇರಿ ಗ್ರೂಪಿಗೆ, ನೆಂಟರಿಗೆ, ಎಲ್ಲರಿಗೂ ಹೋಯ್ತು. ಡೇರೀಲಿ ನಿಲ್ಲಿಸ್ಕೊಂಡು ಬೈದ್ರಂತೆ. ಅವ್ರ ಮಗಳನ್ನ ಈ ಊರಿಗೇ ಕೊಟ್ಟಿದ್ದಾರೆ, ಅವಳು ಇಲ್ಲಿಗೆ ಕರ್ಕೊಂಡು ಬಂದ್ಲು. ಮೂರು ದಿನ ಊಟ ಬಿಟ್ಟಿದ್ರು ಸಾ ಆಯಮ್ಮ. ಕಟ್ಟಾಯದ ಬೆಳ್ಳಮ್ಮ ಅಂತ.’

ನಾನು ಮೋಹನ್‌ಕುಮಾರನ ಮುಖ ನೋಡಿದೆ. ಕಟ್ಟಾಯ ಯಮುನಾಳ ತವರು. ಬೆಳ್ಳಮ್ಮ ಅವಳ ಸ್ವಂತ ಚಿಕ್ಕವ್ವ. ತಾಯಿ ತೀರಿಕೊಂಡ ಮೇಲೆ ಅವಳನ್ನು ಎತ್ತಿ ಆಡಿಸಿದವಳು. ಫೋನಿನಲ್ಲಿ ಯೂಟ್ಯೂಬ್ ಹಾಕಿಕೊಟ್ಟಿದ್ದು ಮೊಮ್ಮಗ ಅಭಿಷೇಕ್. ಹಾಗಾಗಿ ಆ ಖಾತೆಯ ಹೆಸರು ಅವನದೇ ಇತ್ತು, ಇವನಿಗೆ ಗೊತ್ತಾಗಿರಲಿಲ್ಲ. ಬೆಳ್ಳಮ್ಮನ ಫೋನಿನಿಂದ ಆ ಫೈಲು ಯಮುನಾಳಿಗೂ ಬಂದಿತ್ತು. ‘ನೋಡು ನಿಮ್ಮ ಚಿಕ್ಕವ್ವನ ಬುದ್ಧಿ’ ಎಂದು ಇವನು ಮನೆಯಲ್ಲಿ ಒಂದು ವಾರ ಪ್ರವಚನ ಮಾಡಿದ್ದು ನನಗೇ ಕೇಳಿಸಿತ್ತು.

‘ಟೀ ತರಿಸ್ಲಾ ಸಾ?’ ಎಂದಳು ಪ್ರತಿಭಾ. ಬೇಡವೆಂದು ನಾನೇ ಹೇಳಿದೆ.

ಬಸ್ಸು ಅರ್ಧ ದಾರಿ ಬರುವತನಕ ಅವನು ಬಾಯಿ ಬಿಡಲಿಲ್ಲ. ಆಮೇಲೆ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, ‘ಅಣ್ಣ, ಯಮುನಾಗೆ ಏಳ್ಬೇಡ’ ಎಂದ. ಆಮೇಲೆ ನನ್ನ ಕಡೆ ತಿರುಗಿ, ‘ಆದ್ರೆ ಟೆಕ್ನಿಕಲಿ ನಾನ್ ಹೇಳಿದ್ದು ತಪ್ಪಲ್ಲ ಕಣಣ್ಣ. ಅಂಥೋರಿಂದ್ಲೇ ಅದೆಲ್ಲ ಹರಡೋದು’ ಎಂದ. ಅಷ್ಟು ಹೊತ್ತು ಅವನಿಗೆ ಪಶ್ಚಾತ್ತಾಪವಾಗಿದೆ ಎಂದುಕೊಂಡು ಸುಮ್ಮನಿದ್ದ ನನ್ನ ಮೇಲೇ ನನಗೆ ಅಸಹ್ಯವಾಯಿತು.

ಮನೆಯಲ್ಲಿ ಯಮುನಾ ಏನಾಯಿತೆಂದು ಕೇಳಿದ್ದಕ್ಕೆ, ‘ಅವಳ ಸೆಟ್ಟಿಂಗ್ಸ್ ಕೆಟ್ಟೋಗಿತ್ತು, ಸರಿ ಮಾಡ್ಕೊಟ್ಟು ಬಂದೆ’ ಎಂದನಂತೆ.

ಅಲ್ಲಿಗಾದರೂ ಸುಮ್ಮನಾಗಿದ್ದರೆ ಈ ಕಥೆ ಬೆಳೆಯುತ್ತಿರಲಿಲ್ಲ. ತನ್ನ ಹೆಸರಿನಲ್ಲಿ ಬರೆದದ್ದು ಯಾರಿಗೂ ಕಾಣುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಯಮುನಾ ಸ್ನಾನಕ್ಕೆ ಹೋದಾಗ, ಬಟ್ಟೆ ಒಗೆಯುವಾಗ ಅವಳ ಫೋನ್ ತೆಗೆದುಕೊಂಡು ಅವಳ ಖಾತೆಯಿಂದ ಬರೆಯತೊಡಗಿದ. ‘ಹಳ್ಳಿ ಮುದುಕಿಯರ ಕಣ್ಣೀರು ಮಾರಿಕೊಂಡು ಬದುಕುವ ನಿನಗೆ ನೆಟ್‌ವರ್ಕಿಂಗಿನ ಗಂಧ ಗೊತ್ತಾ? ತಜ್ಞರನ್ನು ಕಂಡರೆ ಬಚ್ಚಿಟ್ಟುಕೊಳ್ಳುತ್ತೀಯ.’ ಇಂಥವು ಒಂದಲ್ಲ, ಐದಾರು. ಯಮುನಾಳ ಖಾತೆಯಲ್ಲಿ ಅವಳದೇ ಹೆಸರು, ಅವಳೇ ಅಂಗಳದಲ್ಲಿ ಹಾಕಿದ ರಂಗೋಲಿಯ ಚಿತ್ರ. ಪ್ರತಿಭಾ ಆ ಖಾತೆಯನ್ನೂ ಮರೆಮಾಡಿದಳು.

ಕೆಲವು ದಿನಗಳಾದ ಮೇಲೆ ಯಮುನಾ ಹೊಸ ಫೋನಿಗೆ ವಾಟ್ಸಪ್ ಬದಲಾಯಿಸುವುದು ಹೇಗೆಂದು ಅಲ್ಲಿ ಕೇಳಿದಳು. ಯಾವಾಗಲೂ ಸಂಜೆಯೊಳಗೆ ಉತ್ತರ ಬರುತ್ತಿತ್ತು. ಈ ಸಲ ಬರಲಿಲ್ಲ. ಮತ್ತೆ ಕೇಳಿದಳು. ಆಗಲೂ ಬರಲಿಲ್ಲ. ವಿಡಿಯೋದಲ್ಲಿ ಕೇಂದ್ರದ ನಂಬರ್ ಇತ್ತು. ಫೋನ್ ಮಾಡಿದಳು. ಪ್ರತಿಭಾ ಹೆಸರನ್ನು ಎರಡು ಸಲ ಕೇಳಿಕೊಂಡಳಂತೆ. ಆಮೇಲೆ, ‘ನಿಮ್ಮ ಹೆಸರಲ್ಲಿ ಬಂದಿದ್ದನ್ನ ಓದ್ತೀನಿ, ಕೇಳಿ’ ಎಂದು ಎಲ್ಲವನ್ನೂ ಓದಿದಳಂತೆ.

‘ಅದು ನನ್ ಮಾತಲ್ಲ ಕಣವ್ವ. ನಮ್ಮನೆಯೋರ್ದು’ ಎಂದು ಹೇಳಿ ಯಮುನಾ ಫೋನ್ ಇಟ್ಟವಳು ನೇರ ನಮ್ಮ ಮನೆಗೆ ಬಂದಳು.

‘ಅಣ್ಣ, ಅರಕಲಗೂಡಲ್ಲಿ ಏನಾಯ್ತು? ಒಂದೂ ಬಿಡ್ದೆ ಏಳಿ.’

ಹೇಳಬೇಡ ಎಂದು ಅವನು ಅಂದಿದ್ದ, ಆಯಿತು ಎಂದು ನಾನು ಅಂದಿರಲಿಲ್ಲ. ಹೇಳಿದೆ. ಚಿಕ್ಕವ್ವನ ಹೆಸರು ಬಂದಾಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳಲಿಲ್ಲ. ಎದ್ದು ಮನೆಗೆ ಹೋದಳು. ಬಾಗಿಲು ತೆಗೆದೇ ಇತ್ತು. ಅವಳು ಅವನಿಗೆ ಹೇಳಿದ್ದು ನನಗೂ ಕೇಳಿಸಿತು.

‘ಊರೋರೆಲ್ಲ ನಿಮ್ಮನ್ನ ಆಡ್ಕಂಡ್ರೆ ನಾನ್ ನಿಮ್ ಪರವಾಗ್ ಮಾತಾಡ್ತಿದ್ದೆ. ಬಾಯಿ ಕೆಟ್ಟದ್ದಾದ್ರೂ ಮನ್ಸು ಒಳ್ಳೇದು ಅಂತಿದ್ದೆ. ನನ್ ಎಸ್ರಲ್ಲೇ ಉಗಿದ್ರಲ್ಲ. ನಾಳೆ ಕಟ್ಟಾಯಕ್ಕೆ ಓಗ್ತೀವಿ. ರಜ ಆಕಿ.’

ಅವನು ಲ್ಯಾಬಿನ ಕೆಲಸವಿದೆ ಎಂದ. ಮಾರನೆಯ ದಿನ ಇಬ್ಬರೂ ಹೊರಟದ್ದನ್ನು ನೋಡಿದೆ, ಅವಳು ಮುಂದೆ, ಅವನು ಹಿಂದೆ.

ಕಟ್ಟಾಯದಲ್ಲಿ ನಡೆದದ್ದನ್ನು ಯಮುನಾಳೇ ಆಮೇಲೆ ನಮ್ಮ ಜಗಲಿಯಲ್ಲಿ ಕೂತು ಹೇಳಿದಳು. ಬೆಳ್ಳಮ್ಮ ಅಳಿಯ ಬಂದನೆಂದು ಸಡಗರದಿಂದ ಚೊಂಬಿನಲ್ಲಿ ನೀರು ಕೊಟ್ಟು, ಕುರ್ಚಿ ಹಾಕಿ, ಕೋಳಿ ಕುಯ್ಯಿಸಲು ಆಳನ್ನು ಕಳಿಸಿದಳಂತೆ. ಕಾಫಿ ಆದ ಮೇಲೆ ಯಮುನಾ ಬೇಕೆಂದೇ ಫೋನಿನ ಮಾತು ತೆಗೆದಳು.

‘ಅಯ್ಯೋ, ಅದ್ ಬುಡವ್ವ’ ಎಂದಳು ಬೆಳ್ಳಮ್ಮ. ‘ಆ ಅರಕಲಗೂಡಿನ್ ಮಗಿನ್ ಕೇಳನ ಅಂತ ಒಂದ್ ಮಾತ್ ಕೇಳ್ದೆ. ನಡುವೆ ಯಾವುದೋ ಕ್ಯಾಮೆ ಇಲ್ದಿದ್ ನಾಯಿ ಬಂದು ಬೊಗಳ್ಬುಡ್ತು. ಎಬ್ಬೆಟ್ಟು ಅಂತು, ಕುರಿ ತಗಾ ಅಂತು. ನಂಗೂ ಅನ್ನುಸ್ತು, ಔದಲ್ವಾ, ನಮ್ಗ್ಯಾಕೆ ಇವೆಲ್ಲ ಅಂತ. ಕೇಳದ್ನೇ ಬುಟ್ಬುಟ್ಟೆ. ಅದ್ಕೆ ಅಂಗಾಯ್ತು.’ ಆಮೇಲೆ ಅಳಿಯನ ಕಡೆ ತಿರುಗಿ, ‘ನೀವು ತಿಳ್ದೋರು ಕಣಪ್ಪ. ನಿಮ್ಮನ್ನೇ ಕೇಳ್ಬೇಕಾಗಿತ್ತು. ತ್ವಾಟದ್ ಕೆಲ್ಸ, ಡೇರಿ ಕೆಲ್ಸ ಅಂತ ಆಗ್ನಿಲ್ಲ. ಈಗಾರ ಒಸಿ ನೋಡ್ಕೊಡಿ’ ಎಂದು ತನ್ನ ಫೋನನ್ನು ಅವನ ಕೈಗೆ ಕೊಡಲು ಹೋದಳು.

ಅವನು ಕೈ ಚಾಚಿದನಂತೆ. ‘ಇದೆಲ್ಲ ಸಿಂಪಲ್ ಅತ್ತೆ, ಜನ ಕಲಿಯಲ್ಲ ಅಷ್ಟೆ’ ಎಂದೂ ಶುರು ಮಾಡಿದನಂತೆ.

‘ಕೊಡ್ಬೇಡ ಚಿಕ್ಕವ್ವ’ ಎಂದಳು ಯಮುನಾ. ‘ಆ ನಾಯಿ ಇವ್ರೇ.’

ಬೆಳ್ಳಮ್ಮ ಮೊದಲು ತಮಾಷೆ ಎಂದುಕೊಂಡು ನಕ್ಕಳು. ಯಮುನಾಳ ಮುಖ ನೋಡಿದಳು, ಅಳಿಯನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಒಂದು ಮಾತು ಸಾಕಿತ್ತು, ತಪ್ಪಾಯಿತು ಎಂಬ ಮಾತು. ಅವನ ಬಾಯಿಗೆ ಬಂದದ್ದು ಮಾತ್ರ ‘ಅದು ಅಭಿಷೇಕ್ ಅಂತ ಎಸ್ರಿತ್ತು’ ಎಂಬುದು. ಅಂದರೆ ಅಭಿಷೇಕನನ್ನೋ, ಇನ್ನಾರೋ ದಿಕ್ಕಿಲ್ಲದ ಮುದುಕಿಯನ್ನೋ ಬೈದಿದ್ದರೆ ಪರವಾಗಿಲ್ಲ ಎಂದಾಯಿತು!

ಬೆಳ್ಳಮ್ಮ ಕೂಗಾಡಲಿಲ್ಲ. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ‘ಕೋಳಿ ಬೇಯ್ತಾ ಅಯ್ತೆ. ಉಂಡ್ಕಂಡ್ ಓಗ್ಲಿ’ ಎಂದು ಯಮುನಾಳಿಗೆ ಹೇಳಿ ಒಳಗೆ ಹೋದಳು. ಅವನಿಗೆ ಹೇಳಲಿಲ್ಲ. ಬಡಿಸಿದ್ದೂ ಅವಳಲ್ಲ. ಹಜಾರದಲ್ಲಿ ಅವನೊಬ್ಬನಿಗೇ ಎಲೆ ಹಾಕಿದರು. ಯಮುನಾ ಅಡಿಗೆಮನೆಯಲ್ಲಿ ಚಿಕ್ಕವ್ವನ ಪಕ್ಕ ಕೂತು, ಪ್ರತಿಭಾ ಹೇಳಿಕೊಟ್ಟಿದ್ದನ್ನು ನೆನಪಿಸಿಕೊಂಡು, ಅವಳ ವಾಟ್ಸಪ್ಪಿಗೆ ಪಿನ್ ಇಟ್ಟುಕೊಟ್ಟಳು. ಹಜಾರದಿಂದ, ‘ಹುಟ್ಟಿದ ವರ್ಷ ಇಡ್ಬೇಡಿ, ಸುಲಭಕ್ಕೆ ಕಂಡಿಡೀತಾರೆ’ ಎಂಬ ಧ್ವನಿ ಬಂತಂತೆ. ಒಳಗಿನಿಂದ ಯಾರೂ ಓಗೊಡಲಿಲ್ಲ. ಅವನು ಮಾತ್ರ ಮುದ್ದೆ ಮುಗಿಸಿ, ಅನ್ನ ಹಾಕಿಸಿಕೊಂಡು, ಹೊಟ್ಟೆ ತುಂಬ ಉಂಡೇ ಎದ್ದನಂತೆ. ಇದನ್ನು ಹೇಳುವಾಗ ಯಮುನಾಳ ಮುಖ ನೋಡಬೇಕಾಗಿತ್ತು. ಗಂಡನ ಬಾಯಿಯನ್ನು ಅಷ್ಟು ದಿನ ಸಹಿಸಿದ್ದವಳಿಗೆ ಅವನು ಉಂಡದ್ದನ್ನು ಸಹಿಸಲು ಆಗಲಿಲ್ಲ.

ಅಲ್ಲಿಂದ ಬಂದ ಮೇಲೆ ಯಮುನಾ ತನ್ನ ಫೋನಿಗೆ ಬೆರಳಿನ ಗುರುತಿನ ಬೀಗ ಹಾಕಿಕೊಂಡಳು. ಪ್ರತಿಭಾ ಅವಳ ಖಾತೆಯನ್ನು ಮೊದಲಿನಂತೆ ಎಲ್ಲರಿಗೂ ಕಾಣುವ ಹಾಗೆ ಮಾಡಿದಳು. ಬೆಳ್ಳಮ್ಮ ಈಗ ಧೈರ್ಯವಾಗಿ ಪ್ರಶ್ನೆ ಕೇಳುತ್ತಾಳೆ, ವಾರಕ್ಕೊಂದಾದರೂ ಕೇಳುತ್ತಾಳೆ. ಒಮ್ಮೊಮ್ಮೆ ಯಮುನಾಳೇ ಕೆಳಗೆ ಉತ್ತರ ಬರೆಯುತ್ತಾಳೆ. ಗಂಡ ಹೆಂಡಿರ ನಡುವೆ ಮಾತಿದೆ, ಊಟ ಬಡಿಸುವಷ್ಟು, ಗ್ಯಾಸ್ ಮುಗಿಯಿತು ಎಂದು ಹೇಳುವಷ್ಟು.

ಮೋಹನ್‌ಕುಮಾರ ಕಟ್ಟಾಯಕ್ಕೆ ಮತ್ತೆ ಕಾಲಿಟ್ಟಿಲ್ಲ. ಕನ್ನಡದ ಚಾನೆಲ್ಲುಗಳ ಸಹವಾಸವನ್ನೂ ಬಿಟ್ಟಿದ್ದಾನೆ. ನಮ್ಮ ಜನಕ್ಕೆ ಯೋಗ್ಯತೆಯಿಲ್ಲವಂತೆ. ಈಗ ಹೊರದೇಶದ ದೊಡ್ಡ ದೊಡ್ಡ ಚಾನೆಲ್ಲುಗಳ ಕೆಳಗೆ ಇಂಗ್ಲಿಷಿನಲ್ಲಿ ಬರೆಯುತ್ತಾನೆ. ಸಿಂಹದ ಚಿತ್ರ ಹೋಗಿ ಹದ್ದು ಬಂದಿದೆ. ಹೋದ ವಾರ ಅಂಗಡಿಗೆ ಬಂದು, ಅಮೆರಿಕದ ಯಾವನೋ ದೊಡ್ಡ ತಜ್ಞನಿಗೆ ಗೂಢಲಿಪಿಯ ವಿಷಯದಲ್ಲಿ ಸರಿಯಾಗಿ ಬಿಗಿದೆ ಎಂದು ಓದಿ ಹೇಳಿದ. ನಾನು ಯಾರದೋ ಪಹಣಿ ಜೆರಾಕ್ಸ್ ಮಾಡುತ್ತಿದ್ದೆ, ಮೆಷಿನ್ನಿನ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ. ಕೇಳಿಸಲಿ ಎಂದು ನಾನೂ ಮೆಷಿನ್ ನಿಲ್ಲಿಸಲಿಲ್ಲ.